ಮೊದಲ ಯಂತ್ರ ಟೇಬಲ್ ಸಾ ಆಗಬೇಕಿಲ್ಲ

ಮನೆಯಲ್ಲೇ ಮರಗೆಲಸ ಶುರುಮಾಡಲು ಹೊರಟಿರುವ ಗೆಳೆಯ ಗೆಳತಿಯರಿಗೆ,



ಕಾರು ನಿಲ್ಲಿಸುವ ಜಾಗದ ಅರ್ಧ, ತಾರಸಿ ಮೇಲಿನ ಶೀಟಿನ ಕೋಣೆ, ಫ್ಲ್ಯಾಟಿನ ಹಿಂದಿನ ಬಾಲ್ಕನಿ, ಊರ ಮನೆಯ ಖಾಲಿ ಬಿದ್ದ ಕೊಟ್ಟಿಗೆ. ಇಂಥ ಯಾವುದೋ ಒಂದು ಜಾಗವನ್ನು ನೀವು ಈಗಾಗಲೇ ಗುಡಿಸಿ ಸಿದ್ಧ ಮಾಡಿಕೊಂಡಿದ್ದೀರಿ. ನಿಮ್ಮಲ್ಲಿ ನಿವೃತ್ತ ಮೇಷ್ಟ್ರಿದ್ದಾರೆ, ದಿನವಿಡೀ ಪರದೆ ನೋಡಿ ದಣಿದು ಕೈಗೊಂದು ಕೆಲಸ ಬೇಕು ಅನ್ನಿಸಿದ ಇಂಜಿನಿಯರುಗಳಿದ್ದಾರೆ, ಮಗಳ ಓದುವ ಮೇಜನ್ನು ತಾವೇ ಮಾಡಿಕೊಡಬೇಕೆಂದು ಹಟ ಹಿಡಿದ ತಾಯಂದಿರಿದ್ದಾರೆ. ಎಲ್ಲರೂ ಮೊದಲು ಕೇಳುವ ಪ್ರಶ್ನೆ ಮಾತ್ರ ಒಂದೇ: ‘ಯಾವ ಕಂಪನಿಯ ಟೇಬಲ್ ಸಾ ತಗೊಳ್ಳಲಿ?’

ಮೊದಲಿಗೆ ಯಾವುದನ್ನೂ ತಗೊಳ್ಳಬೇಡಿ ಎನ್ನುವುದಕ್ಕೇ ಈ ಪತ್ರ.

ಈ ಪ್ರಶ್ನೆ ನಿಮ್ಮ ತಲೆಗೆ ಎಲ್ಲಿಂದ ಬಂತು ನೋಡಿ. ನಾವೆಲ್ಲ ಮರಗೆಲಸದ ವಿಡಿಯೊ ನೋಡಿ ಆಸೆ ಹುಟ್ಟಿಸಿಕೊಂಡವರು. ಅವುಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿನ ಹವ್ಯಾಸಿಗೆ ಎರಡು ಕಾರು ಹಿಡಿಸುವ ಗ್ಯಾರೇಜಿದೆ, ಪಕ್ಕದ ಮನೆ ದೂರದಲ್ಲಿದೆ, ಭಟ್ಟಿಯಲ್ಲಿ ಒಣಗಿಸಿದ ಹಲಗೆ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಒಂದೇ ಒಂದು ಹಲಗೆಯನ್ನು ಹಿಡಿದುಕೊಂಡು ಹೋಗಿ ‘ಇದನ್ನು ಎರಡೂವರೆ ಇಂಚಿಗೆ ಸೀಳಿ, ನಾಲ್ಕೂ ಕಡೆ ಪ್ಲೇನಿಂಗ್ ಮಾಡಿಕೊಡಿ’ ಎಂದು ಕೇಳುವಂಥ ಸಾಮಿಲ್ ಅಲ್ಲಿ ಓಣಿಯ ಕೊನೆಗೆ ಇರುವುದು ಅಪರೂಪ. ಹಾಗಾಗಿ ಅವರ ಪಟ್ಟಿ ಟೇಬಲ್ ಸಾ, ಹಲಗೆಯ ಅಂಚು ನೇರ ಮಾಡುವ ಜಾಯಿಂಟರ್, ದಪ್ಪ ಸಮ ಮಾಡುವ ಥಿಕ್‌ನೆಸ್ ಪ್ಲೇನರ್ ಎಂದೇ ಶುರುವಾಗುತ್ತದೆ. ಅವರ ಮಟ್ಟಿಗೆ ಅದು ಸರಿ. ನಮ್ಮಲ್ಲಿ ಆ ಮೂರೂ ಯಂತ್ರಗಳು ಆಗಲೇ ಇವೆ. ಮನೆಯಲ್ಲಲ್ಲ, ಹತ್ತಿರದ ಸಾಮಿಲ್‌ನಲ್ಲಿ.

ಬೆಂಗಳೂರಿನವರಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ಗೆ ಒಮ್ಮೆ ಹೋಗಿ ಬನ್ನಿ. ಬೇರೆ ಊರಿನವರು ತಮ್ಮ ತಾಲ್ಲೂಕು ಕೇಂದ್ರದ ಸಾಮಿಲ್ ಹುಡುಕಿಕೊಳ್ಳಿ. ಆಳೆತ್ತರದ ಬ್ಯಾಂಡ್ ಸಾ, ಎರಕದ ಕಬ್ಬಿಣದ ಭಾರಿ ಪ್ಲೇನಿಂಗ್ ಮೆಷಿನ್, ಅವುಗಳ ಮುಂದೆ ಮರದ ಜೊತೆಯಲ್ಲೇ ಬೆಳೆದ ಕೆಲಸಗಾರರು. ನೀವು ಲಕ್ಷ ಖರ್ಚು ಮಾಡಿ ಮನೆಯಲ್ಲಿ ಕೂಡಿಸುವ ಯಂತ್ರವೂ ಆ ಕೆಲಸವನ್ನು ಅಷ್ಟು ಸಲೀಸಾಗಿ ಮಾಡಲಾರದು. ಮರ ಕೊಳ್ಳುವಾಗಲೇ ಸೀಳಿಸಿ, ಪ್ಲೇನಿಂಗ್ ಮಾಡಿಸಿ ತರುವುದಕ್ಕೆ ಅವರು ಪಡೆಯುವ ಕೂಲಿ, ಯಂತ್ರದ ಬೆಲೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ದಿಮ್ಮಿ ಸೀಳುವುದಂತೂ ಹೇಗೂ ಮನೆಯ ಕೆಲಸವಲ್ಲ. ಸಾಮಿಲ್ ನಡೆಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು.

ಪ್ಲೈವುಡ್ ವಿಷಯವೂ ಹೀಗೆಯೇ. ಎಂಟಡಿಗೆ ನಾಲ್ಕಡಿಯ 18 ಮಿ.ಮೀ. ಹಾಳೆ ಹತ್ತಿರ ಹತ್ತಿರ 35 ಕಿಲೊ ತೂಗುತ್ತದೆ. ಅದನ್ನು ಒಬ್ಬರೇ ಎತ್ತಿ, ಸಣ್ಣ ಟೇಬಲ್ ಸಾ ಮೇಲಿಟ್ಟು, ನೇರವಾಗಿ ತಳ್ಳುವುದು ಸಾಧ್ಯವಾದರೂ ಕ್ಷೇಮವಲ್ಲ. ದೊಡ್ಡ ಊರುಗಳ ಹಲವು ಪ್ಲೈವುಡ್ ಅಂಗಡಿಗಳಲ್ಲಿ ಈಗ ಪ್ಯಾನೆಲ್ ಸಾ ಇದೆ. ಕಟಿಂಗ್ ಲಿಸ್ಟ್ ಬರೆದುಕೊಂಡು ಹೋದರೆ ಹಾಳೆಯನ್ನು ಬೇಕಾದ ಅಗಲಕ್ಕೆ ಕೊಯ್ದು ಕೊಡುತ್ತಾರೆ. ಪ್ರತಿ ಕೊಯ್ತದಲ್ಲೂ ಬ್ಲೇಡ್ ಸುಮಾರು 3 ಮಿ.ಮೀ. ತಿನ್ನುತ್ತದೆ, ಲಿಸ್ಟ್ ಬರೆಯುವಾಗ ಅದನ್ನು ಸೇರಿಸಿ. ಅಡುಗೆಮನೆಗೋ ಬಚ್ಚಲ ಪಕ್ಕಕ್ಕೋ ಆದರೆ ಐಎಸ್ 710 ಮುದ್ರೆಯ ಹಾಳೆ ಕೇಳಿ, ಒಣ ಕೋಣೆಯ ಕಪಾಟಿಗೆ ಐಎಸ್ 303 ಸಾಕು.

ಸಾಮಿಲ್ ಮರದಲ್ಲಿ ಒಂದು ತೊಂದರೆಯಿದೆ, ಅದನ್ನು ಮುಚ್ಚಿಡಲಾರೆ. ಅಲ್ಲಿ ಸಿಗುವ ಮರ ಎಷ್ಟೋ ಸಲ ಸರಿಯಾಗಿ ಒಣಗಿರುವುದಿಲ್ಲ. ಹಸಿ ಹಲಗೆಗೆ ಇವತ್ತೇ ಪ್ಲೇನಿಂಗ್ ಮಾಡಿಸಿ ತಂದರೆ ಮುಂದಿನ ತಿಂಗಳು ಅದು ಡೊಂಕಾಗಿ ನಿಲ್ಲುತ್ತದೆ. ಆದ್ದರಿಂದ ಸೀಳಿದ ಮರವನ್ನು ಬೇಕಾದ ದಪ್ಪಕ್ಕಿಂತ ಕಾಲು ಇಂಚಾದರೂ ಹೆಚ್ಚಿಗೆ ಇಟ್ಟು ಮನೆಗೆ ತನ್ನಿ. ಹಲಗೆಗಳ ನಡುವೆ ಒಂದೇ ದಪ್ಪದ ರಿಪೀಸು ಪಟ್ಟಿ ಕೊಟ್ಟು, ನೆರಳಿನಲ್ಲಿ, ಗಾಳಿಯಾಡುವ ಕಡೆ ಜೋಡಿಸಿಡಿ. ತೇವ ಇಳಿದ ಮೇಲೆ ಮತ್ತೆ ಕೊಂಡೊಯ್ದು ಪ್ಲೇನಿಂಗ್ ಮಾಡಿಸಿ. ತೇವ ಎಷ್ಟಿದೆ ಎಂದು ತೋರಿಸುವ ಪುಟ್ಟ ಮಾಯಿಶ್ಚರ್ ಮೀಟರ್ ಸಿಗುತ್ತದೆ. ಬಯಲುಸೀಮೆಯಲ್ಲಿ ಸುಮಾರು ಶೇಕಡಾ 12ಕ್ಕೆ ಇಳಿದರೆ ಪೀಠೋಪಕರಣಕ್ಕೆ ಯೋಗ್ಯ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಲೆಕ್ಕವೇ ಬೇರೆ, ಅಲ್ಲಿ ಮರ ನಿಮ್ಮ ಮನೆಯ ಗಾಳಿಗೆ ಹೊಂದಿಕೊಳ್ಳುವಷ್ಟು ಕಾಯಬೇಕು. ಯಾವ ಯಂತ್ರಕ್ಕೂ ಮೊದಲು ಈ ಮೀಟರ್ ಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಸೀಳುವುದು, ನುಣುಪು ಮಾಡುವುದು ಹೊರಗೆ ಆಯಿತು ಅಂದಮೇಲೆ ಮನೆಯಲ್ಲಿ ಉಳಿಯುವುದೇನು? ಉದ್ದಕ್ಕೆ ಸರಿಯಾಗಿ ಕೊಯ್ಯುವುದು, ತೂತು ಕೊರೆಯುವುದು, ಗಾಡಿ, ಅಂದರೆ ತೋಡು, ತೆಗೆಯುವುದು, ಜೋಡಿಸುವುದು, ಉಜ್ಜುವುದು. ಮರಗೆಲಸದ ಸಂತೋಷವಿರುವುದೂ ಇಲ್ಲೇ. ಇದಕ್ಕೆ ಬೇಕಾಗುವುದು ಕೈಯಲ್ಲಿ ಹಿಡಿದು ಕೆಲಸ ಮಾಡುವ ನಾಲ್ಕು ಯಂತ್ರಗಳು, ಗೋಡೆಯ ಒಂದು ಕಪಾಟಿನಲ್ಲಿ ಹಿಡಿಸುವಂಥವು.

ಮೊದಲನೆಯದು ಡ್ರಿಲ್. ಗೋಡೆ ಕೊರೆಯುವ ಇಂಪ್ಯಾಕ್ಟ್ ಡ್ರಿಲ್ ನಿಮ್ಮ ಮನೆಯಲ್ಲಿ ಈಗಾಗಲೇ ಇರಬಹುದು. ಮರಕ್ಕೆ ಅದು ಒಗ್ಗುವುದಿಲ್ಲ. ಅದರಲ್ಲಿ ಸ್ಕ್ರೂ ಬಿಗಿಯಾದ ಕೂಡಲೇ ಜಾರಿ ನಿಲ್ಲುವ ಕ್ಲಚ್ ಇರುವುದಿಲ್ಲ, ಮತ್ತಿ, ಹೊನ್ನೆಯಂಥ ಗಟ್ಟಿ ಮರದಲ್ಲಿ ಸ್ಕ್ರೂವಿನ ತಲೆ ಮುರಿದುಹೋಗುತ್ತದೆ. ಕ್ಲಚ್ ಇರುವ, ನಿಧಾನ ಮತ್ತು ವೇಗದ ಎರಡು ಗೇರಿರುವ, ಬ್ಯಾಟರಿಯ ಪುಟ್ಟ ಡ್ರಿಲ್ ಕೊಳ್ಳಿ. 12 ವೋಲ್ಟಿನದೇ ಸಾಕು. ಆಟೋ ಹಿಂಜಿಗೆ ಬೇಕಾದ 35 ಮಿ.ಮೀ. ಗುಂಡಿಯನ್ನೂ ಅದು ನಿಧಾನದ ಗೇರಿನಲ್ಲಿ ತೆಗೆಯುತ್ತದೆ.

ಎರಡನೆಯದು ಸರ್ಕ್ಯುಲರ್ ಸಾ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಯಾಕೆಂದರೆ ನಮ್ಮ ನಾಡಿನ ಬಡಗಿಗಳಲ್ಲಿ ಹೆಚ್ಚಿನವರ ಕೈಯಲ್ಲಿ ನೀವು ನೋಡುವುದು ಸರ್ಕ್ಯುಲರ್ ಸಾ ಅಲ್ಲ, ಕಲ್ಲು ಕೊಯ್ಯುವ ನಾಲ್ಕಿಂಚಿನ ಕಟರ್, ಅದಕ್ಕೆ ಮರದ ಬ್ಲೇಡ್ ಹಾಕಿರುತ್ತಾರೆ. ಅಗ್ಗ, ಹಗುರ, ಎಲ್ಲ ಕಡೆ ಸಿಗುತ್ತದೆ. ಅಂಗಡಿಯವರೂ ‘ಎಲ್ಲರೂ ಇದನ್ನೇ ತಗೊಳ್ಳೋದು ಸಾರ್’ ಎಂದು ಅದನ್ನೇ ಕೊಡುತ್ತಾರೆ. ದಯವಿಟ್ಟು ಬೇಡ ಅನ್ನಿ. ಅದು ನಿಮಿಷಕ್ಕೆ 12,000 ಸುತ್ತಿಗೂ ಮೇಲೆ ತಿರುಗುತ್ತದೆ. ಏಳಿಂಚಿನ ಸರ್ಕ್ಯುಲರ್ ಸಾ ತಿರುಗುವುದು ಸುಮಾರು 5,000 ಸುತ್ತು. ಅದಕ್ಕಿಂತ ಮುಖ್ಯವಾದ ಮಾತು ಗಾರ್ಡಿನದು. ಸರ್ಕ್ಯುಲರ್ ಸಾ ಕೆಳಗೆ ಸ್ಪ್ರಿಂಗಿನ ಗಾರ್ಡ್ ಇರುತ್ತದೆ, ಮರಕ್ಕೆ ತಾಗಿದಾಗ ಹಿಂದೆ ಸರಿದು, ಕೊಯ್ದು ಮುಗಿದೊಡನೆ ತಾನಾಗಿ ಹಲ್ಲುಗಳನ್ನು ಮುಚ್ಚುತ್ತದೆ. ಕಟರಿನಲ್ಲಿ ಅದಿಲ್ಲ. ಸ್ವಿಚ್ ಬಿಟ್ಟ ಮೇಲೂ ತಿರುಗುತ್ತಲೇ ಇರುವ ಬರಿಯ ಬ್ಲೇಡನ್ನು ತೊಡೆಯ ಪಕ್ಕ ಇಳಿಸಿಕೊಳ್ಳುವುದೆಂದರೆ ಏನೆಂದು ಊಹಿಸಿ. ಬಡಗಿಗಳು ದಿನವೂ ಅದನ್ನೇ ಬಳಸುತ್ತಾರಲ್ಲ ಎಂದರೆ, ಹೌದು, ಬಳಸುತ್ತಾರೆ. ಸರಿಯಾದ ಯಂತ್ರ ಕೊಳ್ಳಲು ಕೈಯಲ್ಲಿ ಹಣವಿಲ್ಲದೆ ಬಳಸುತ್ತಾರೆ. ಅವರ ಬೆರಳುಗಳನ್ನು ಗಮನಿಸಿ ನೋಡಿದವರಿಗೆ ಅದರ ಬೆಲೆ ಗೊತ್ತು. ಹವ್ಯಾಸಕ್ಕೆ ಮರ ಹಿಡಿಯುವ ನಮಗೆ ಆ ಅನಿವಾರ್ಯತೆ ಇಲ್ಲ. ಆಂಗಲ್ ಗ್ರೈಂಡರಿಗೆ ಹಲ್ಲಿನ ಮರದ ಬ್ಲೇಡ್ ಹಾಕುವುದು ಇದಕ್ಕಿಂತಲೂ ಕೆಟ್ಟದ್ದು. ಅದರ ಬಗ್ಗೆ ಚರ್ಚೆಯೇ ಬೇಡ.

ಸರ್ಕ್ಯುಲರ್ ಸಾ ಕೊಂಡವರು ಅದರ ಜೊತೆ ಎರಡು ವಸ್ತು ಮಾಡಿಕೊಳ್ಳಬೇಕು. ಒಂದು, ನೇರ ಅಂಚಿನ ಪ್ಲೈವುಡ್ ಪಟ್ಟಿಯನ್ನು ಅಗಲವಾದ ಇನ್ನೊಂದು ತೆಳು ಪಟ್ಟಿಯ ಮೇಲೆ ಅಂಟಿಸಿದ ಗೈಡ್. ಗರಗಸವನ್ನು ನೇರ ಅಂಚಿಗೆ ಒತ್ತಿ ಒಮ್ಮೆ ಓಡಿಸಿದರೆ ಕೆಳಗಿನ ತೆಳು ಪಟ್ಟಿಯ ಹೆಚ್ಚುಳಿದ ಭಾಗ ಕೊಯ್ದುಹೋಗುತ್ತದೆ, ಆಮೇಲೆ ಆ ಅಂಚನ್ನು ಗೆರೆಯ ಮೇಲಿಟ್ಟರೆ ಬ್ಲೇಡ್ ಸರಿಯಾಗಿ ಅಲ್ಲೇ ಹಾಯುತ್ತದೆ. ಎರಡು, ನೆಲಕ್ಕೆ ಹಾಸಲು ಎರಡಿಂಚಿನ ಥರ್ಮಕೋಲ್ ಹಾಳೆ. ಪ್ಲೈವುಡ್ ಹಾಳೆಯನ್ನು ಅದರ ಮೇಲೆ ಮಲಗಿಸಿ, ಬ್ಲೇಡಿನ ಆಳವನ್ನು ಹಾಳೆಯ ದಪ್ಪಕ್ಕಿಂತ 5 ಮಿ.ಮೀ. ಮಾತ್ರ ಹೆಚ್ಚಿಟ್ಟು ಕೊಯ್ಯಿರಿ. ಎರಡೂ ತುಂಡುಗಳಿಗೆ ಕೆಳಗಿನಿಂದ ಆಸರೆ ಇರುವುದರಿಂದ ಯಾವುದೂ ಬಾಗಿ ಬ್ಲೇಡನ್ನು ಹಿಡಿಯುವುದಿಲ್ಲ. ಕೈಗರಗಸದಂತಲ್ಲದೆ ಇದರ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತದೆ, ಆದ್ದರಿಂದ ಚೆಂದದ ಮುಖ ಕೆಳಗಿರಲಿ, ಮೈಕಾದ ಚಕ್ಕೆ ಏಳುವುದು ತಪ್ಪುತ್ತದೆ. ಯಂತ್ರದೊಂದಿಗೆ ಬರುವ 24 ಹಲ್ಲಿನ ಬ್ಲೇಡ್ ಮರದ ಉದ್ದಕ್ಕೆ ಸೀಳಲು ಚೆನ್ನ, ಪ್ಲೈವುಡ್‌ಗೆ 40ರಿಂದ 60 ಹಲ್ಲಿನ ಕಾರ್ಬೈಡ್ ತುದಿಯ ಬ್ಲೇಡ್ ಬೇರೆ ಕೊಳ್ಳಿ. ಸಾಗುವಾನಿಯಲ್ಲಿ ಸಿಲಿಕಾ ಅಂಶವಿದೆ, ಎಂಥ ಹಲ್ಲನ್ನೂ ಬೇಗ ಮೊಂಡಾಗಿಸುತ್ತದೆ. ಒಳ್ಳೆಯ ಬ್ಲೇಡ್ ಹಾಕಿದ ಸಾಧಾರಣ ಯಂತ್ರ, ಮೊಂಡು ಬ್ಲೇಡಿನ ದುಬಾರಿ ಯಂತ್ರಕ್ಕಿಂತ ಎಷ್ಟೋ ಮೇಲು.

ಮೂರನೆಯದು ಟ್ರಿಮ್ಮರ್. ನಮ್ಮ ಬಡಗಿಗಳು ಇದನ್ನು ಮೈಕಾದ ಅಂಚು ಕತ್ತರಿಸಲು ಮಾತ್ರ ಬಳಸುವುದು ಹೆಚ್ಚು. ಆದರೆ ಮನೆಯ ಕಾರ್ಯಾಗಾರದಲ್ಲಿ ಇದರಷ್ಟು ಬಗೆಬಗೆಯ ಕೆಲಸ ಮಾಡುವ ಯಂತ್ರ ಇನ್ನೊಂದಿಲ್ಲ. ಶೆಲ್ಫಿನ ಹಲಗೆ ಕೂರುವ ಗಾಡಿ, ಬಾಗಿಲ ಹಿಂಜಿನ ಹಳ್ಳ, ಮೇಜಿನ ಅಂಚಿನ ಗುಂಡು, ಬೇರಿಂಗ್ ಇರುವ ಬಿಟ್ ಹಾಕಿದರೆ ಒಂದೇ ಅಚ್ಚಿನ ಹತ್ತು ಕಾಲುಗಳು. ಚನ್ನೆಮಣೆ ಮಾಡಬೇಕೆಂದುಕೊಳ್ಳಿ. ಸಾಲಿಗೆ ಏಳರಂತೆ ಎರಡು ಸಾಲು, ಹದಿನಾಲ್ಕು ಗುಳಿ. ಉಳಿಯಲ್ಲಿ ಕೆತ್ತಬಹುದು, ಆದರೆ ಹೊಸಬರ ಕೈಯಲ್ಲಿ ಹದಿನಾಲ್ಕೂ ಒಂದೇ ಸಮ ಬರುವುದು ಕಷ್ಟ. ಪ್ಲೈವುಡ್ಡಿನಲ್ಲಿ ಒಂದು ದುಂಡನೆಯ ಅಚ್ಚು ಮಾಡಿಕೊಂಡು, ಗುಂಡು ಮೂಗಿನ ಬಿಟ್ ಹಾಕಿ, ಟ್ರಿಮ್ಮರನ್ನು ಮೇಲಿನಿಂದ ಸ್ವಲ್ಪಸ್ವಲ್ಪವೇ ಇಳಿಸುತ್ತ ಅಚ್ಚಿನೊಳಗೆ ಸುತ್ತಿಸಿದರೆ ಎಲ್ಲ ಗುಳಿಗಳೂ ಒಂದೇ ಅಳತೆಗೆ ಬರುತ್ತವೆ. ಹಲಸಿನ ಹಲಗೆಯಲ್ಲಿ ಮಾಡಿ ನೋಡಿ, ಎಣ್ಣೆ ಹಚ್ಚಿದೊಡನೆ ಬರುವ ಆ ಹೊಂಬಣ್ಣಕ್ಕೆ ಬೇರೆ ಪಾಲಿಶ್ ಬೇಕಾಗುವುದಿಲ್ಲ.

ಟ್ರಿಮ್ಮರ್ ಕೊಳ್ಳುವಾಗ ಒಂದು ಎಚ್ಚರಿಕೆ. ನಮ್ಮ ಮಾರುಕಟ್ಟೆಯಲ್ಲಿ 6 ಮಿ.ಮೀ. ಕಾಂಡದ ಬಿಟ್ಟೂ ಇದೆ, ಕಾಲು ಇಂಚು ಅಂದರೆ 6.35 ಮಿ.ಮೀ. ಕಾಂಡದ ಬಿಟ್ಟೂ ಇದೆ. ಕಣ್ಣಿಗೆ ಎರಡೂ ಒಂದೇ. ಬಿಟ್ಟನ್ನು ಹಿಡಿಯುವ ಕಾಲೆಟ್ ಕಾಲು ಇಂಚಿನದಾದರೆ ಅದಕ್ಕೆ 6 ಮಿ.ಮೀ. ಬಿಟ್ ಹಾಕಿ ಎಷ್ಟೇ ಬಿಗಿದರೂ ಅದು ಜಾರುತ್ತದೆ, ನಿಮಿಷಕ್ಕೆ 30,000 ಸುತ್ತಿನಲ್ಲಿ ಹೊರಗೆ ಬಂತೆಂದರೆ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ನಿಮ್ಮ ಯಂತ್ರದ ಕಾಲೆಟ್ ಯಾವುದೆಂದು ನೋಡಿ, ಒಂದೇ ಅಳತೆಯ ಬಿಟ್ಟುಗಳನ್ನು ಮಾತ್ರ ಮನೆಯೊಳಗೆ ತನ್ನಿ. ಇದರ ದೊಡ್ಡಣ್ಣನಾದ ಪ್ಲಂಜ್ ರೂಟರ್ ಸದ್ಯಕ್ಕೆ ಬೇಕಿಲ್ಲ.

ನಾಲ್ಕನೆಯದು ಐದಿಂಚಿನ ರ್‍ಯಾಂಡಮ್ ಆರ್ಬಿಟ್ ಸ್ಯಾಂಡರ್. ಇದನ್ನು ಒಂಟಿಯಾಗಿ ಕೊಳ್ಳಬೇಡಿ. ಅದರ ಬಾಯಿಗೆ ಪೈಪ್ ಸೇರಿಸಲು ಬರುವ ವ್ಯಾಕ್ಯೂಮ್ ಕ್ಲೀನರನ್ನೂ ಅದೇ ದಿನ ತನ್ನಿ. ಎರಡಕ್ಕೂ ಹಣ ಸಾಲದಿದ್ದರೆ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ಕೈಯಲ್ಲೇ ಉಜ್ಜಿ. ಮರದ ಧೂಳು ಮೂಗು ಮತ್ತು ಸೈನಸ್‌ಗಳ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಅದನ್ನು ಮೊದಲ ಗುಂಪಿಗೆ, ಅಂದರೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಕಣ್ಣಿಗೆ ಕಾಣುವ ಹೊಟ್ಟಿಗಿಂತ ಬಿಸಿಲಕೋಲಿನಲ್ಲಿ ಮಾತ್ರ ಹೊಳೆಯುವ ಸಣ್ಣ ಧೂಳೇ ಶ್ವಾಸಕೋಶದ ಆಳಕ್ಕೆ ಇಳಿಯುವುದು, ಮತ್ತು ಸ್ಯಾಂಡರ್ ಎಬ್ಬಿಸುವುದು ಅದನ್ನೇ. ಬೀಟೆ ಮರದ ಧೂಳು ಎಷ್ಟೋ ಜನರಿಗೆ ಚರ್ಮದ ಅಲರ್ಜಿ ತರುತ್ತದೆ. ಎಂಡಿಎಫ್ ಧೂಳಿನಲ್ಲಿ ಅಂಟಿನ ಫಾರ್ಮಾಲ್ಡಿಹೈಡ್ ಬೇರೆ ಸೇರಿರುತ್ತದೆ. ನಿಮ್ಮ ಕಾರ್ಯಾಗಾರ ಮನೆಯೊಳಗೇ ಇದೆ, ಅಲ್ಲಿ ಮಕ್ಕಳು ಮಲಗುತ್ತಾರೆ, ಅಮ್ಮ ಅಪ್ಪ ಉಸಿರಾಡುತ್ತಾರೆ. ವ್ಯಾಕ್ಯೂಮ್ ಇದ್ದರೂ ಎನ್95 ಮಾಸ್ಕ್ ಹಾಕಿಕೊಳ್ಳಿ.

ಜಿಗ್ ಸಾ ಕೇಳುತ್ತೀರಿ. ಬಾಗಿದ ಕೆಲಸ ಇದ್ದರೆ ಕೊಳ್ಳಿ, ಇಲ್ಲವಾದರೆ ಬೇಡ. 1940ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಕೌಫ್‌ಮನ್ ಎಂಬ ಇಂಜಿನಿಯರ್ ಹೊಲಿಗೆ ಯಂತ್ರದ ಸೂಜಿಯ ಜಾಗಕ್ಕೆ ಗರಗಸದ ಅಲಗು ಸಿಕ್ಕಿಸಿ ಇದನ್ನು ರೂಪಿಸಿದರಂತೆ. ತಿರುವುಗಳಲ್ಲಿ ಹಾಯುವುದೇ ಅದರ ಗುಣ. ನೇರ ಕೊಯ್ತಕ್ಕೆಂದು ಕೊಂಡವರು ನಿರಾಶರಾಗುತ್ತಾರೆ. ಮೈಟರ್ ಸಾ ಚೌಕಟ್ಟಿನ ಕೆಲಸ ಮೇಲಿಂದ ಮೇಲೆ ಮಾಡುವವರಿಗೆ ಉಪಯುಕ್ತ, ಉಳಿದವರಿಗೆ ಜಾಗ ತಿನ್ನುವ ವಸ್ತು. ಕೈಯಲ್ಲಿ ಹಿಡಿಯುವ ವಿದ್ಯುತ್ ಪ್ಲೇನರ್ ಬಾಗಿಲ ಅಂಚು ಸವರಲು ಚೆನ್ನ, ಮೇಜಿನ ಮೇಲ್ಮೈಗೆ ಅದನ್ನು ತಾಗಿಸಬೇಡಿ. ಲೇತ್ ಬೇರೆಯೇ ಒಂದು ವಿದ್ಯೆ. ಅದರ ಆಸೆಯಿದ್ದವರು ಯಂತ್ರ ಕೊಳ್ಳುವ ಮೊದಲು ಚನ್ನಪಟ್ಟಣಕ್ಕೆ ಹೋಗಿ, ಆಲೆಮರದ ತುಂಡು ತಿರುಗುತ್ತಿರುವಾಗಲೇ ಅದಕ್ಕೆ ಅರಗಿನ ಬಣ್ಣ ಏರಿಸುವುದನ್ನು ಕುಳಿತು ನೋಡಿ ಬನ್ನಿ.

ಈಗ ಟೇಬಲ್ ಸಾ ಮಾತಿಗೆ ಮರಳೋಣ. ಅದು ಕೆಟ್ಟ ಯಂತ್ರವಲ್ಲ. ಸಣ್ಣ ಪಟ್ಟಿಗಳನ್ನು ಒಂದೇ ಅಳತೆಗೆ ಸೀಳುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಆದರೆ ಅದು ಹೊಸಬರ ಯಂತ್ರವಲ್ಲ. ಬ್ಲೇಡಿನ ಹಿಂಭಾಗದ ಹಲ್ಲುಗಳು ಮೇಜಿನಿಂದ ಮೇಲಕ್ಕೇಳುತ್ತ ತಿರುಗುತ್ತವೆ. ಒತ್ತಡವಿರುವ ಮರ ಸೀಳುತ್ತಿದ್ದಂತೆ ಮುಚ್ಚಿಕೊಂಡರೆ, ಅಥವಾ ತುಂಡು ತನ್ನನ್ನು ನೇರವಾಗಿ ಸಾಗಿಸುವ ಫೆನ್ಸಿನಿಂದ ಸ್ವಲ್ಪ ಓರೆಯಾದರೆ, ಆ ಹಲ್ಲುಗಳು ಮರವನ್ನು ಎತ್ತಿ ನಿಂತವರ ಮೇಲೆಯೇ ಎಸೆಯುತ್ತವೆ. ಜೊತೆಗೆ ತಳ್ಳುತ್ತಿದ್ದ ಕೈಯೂ ಬ್ಲೇಡಿನತ್ತ ಸೆಳೆಯಲ್ಪಡುತ್ತದೆ. ಇದನ್ನು ತಡೆಯುವುದು ಬ್ಲೇಡಿನ ಬೆನ್ನಿಗೇ ನಿಂತು ಅದರೊಂದಿಗೇ ಏರಿಳಿಯುವ ರೈವಿಂಗ್ ನೈಫ್ ಎಂಬ ತೆಳು ತಗಡು. ಪ್ಲೈವುಡ್ ಮೇಜಿನ ಕೆಳಗೆ ಕಟರನ್ನು ತಲೆಕೆಳಗಾಗಿ ಬಿಗಿದು ಮಾಡುವ ಮನೆಯ ಟೇಬಲ್ ಸಾದಲ್ಲಿ ಈ ತಗಡೂ ಇಲ್ಲ, ಗಾರ್ಡೂ ಇಲ್ಲ, ತಕ್ಷಣ ನಿಲ್ಲಿಸುವ ಸ್ವಿಚ್ಚೂ ಕೈಗೆಟುಕುವುದಿಲ್ಲ. ಅದನ್ನು ಮಾಡಲೇಬೇಡಿ.

ಅಮೆರಿಕದಲ್ಲಿ ಟೇಬಲ್ ಸಾ ಬ್ಲೇಡ್ ತಾಗಿ ವರ್ಷಕ್ಕೆ ಸುಮಾರು 30,000 ಜನ ಗಾಯಗೊಳ್ಳುತ್ತಾರೆ ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜು. ಅಷ್ಟೊಂದು ಯಂತ್ರಜ್ಞಾನವಿರುವ, ಗಾರ್ಡ್ ಹಾಕಿಯೇ ಮಾರುವ ದೇಶದ ಮಾತಿದು. ಭೌತಶಾಸ್ತ್ರ ಓದಿ ಪೇಟೆಂಟ್ ವಕೀಲರಾಗಿದ್ದ ಸ್ಟೀವ್ ಗ್ಯಾಸ್ 1999ರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಮೈಯಲ್ಲಿ ವಿದ್ಯುತ್ ಹರಿಯುತ್ತದೆ, ಒಣ ಮರದಲ್ಲಿ ಹರಿಯುವುದು ತೀರ ಕಡಿಮೆ. ಆ ವ್ಯತ್ಯಾಸವನ್ನು ಗುರುತಿಸಿ, ಬೆರಳು ತಾಗಿದ ಕೆಲವೇ ಮಿಲಿಸೆಕೆಂಡುಗಳಲ್ಲಿ ಅಲ್ಯೂಮಿನಿಯಂ ತುಂಡೊಂದು ಬ್ಲೇಡಿಗೆ ಕಚ್ಚಿಕೊಂಡು ಅದನ್ನು ನಿಲ್ಲಿಸುತ್ತದೆ. ಸಾಸ್‌ಸ್ಟಾಪ್ ಎಂಬ ಹೆಸರಿನಲ್ಲಿ ಅದು ಬಂತು. ಅಂಥ ಯಂತ್ರದ ಬೆಲೆ ಹೆಚ್ಚು. ನಮ್ಮ ಹೆಚ್ಚಿನವರ ಕೈಗೆ ಎಟುಕುವ ಅಗ್ಗದ ಟೇಬಲ್ ಸಾಗಳಲ್ಲಿ ಈ ರಕ್ಷಣೆ ಇರುವುದಿಲ್ಲ. ನಾಲ್ಕೈದು ಪೀಠೋಪಕರಣ ಮಾಡಿ ಮರದ ನಡತೆ ಕೈಗೆ ತಿಳಿದ ಮೇಲೆ, ರೈವಿಂಗ್ ನೈಫ್ ಇರುವುದನ್ನೇ ನೋಡಿ, ತಳ್ಳುಕೋಲು ಹಿಡಿದು ಕೆಲಸ ಮಾಡುವ ಅಭ್ಯಾಸದೊಂದಿಗೆ ಕೊಳ್ಳಿ.

ಉಡುಪಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲುಂಗಿ, ಪಂಚೆ, ದುಪಟ್ಟಾ, ಇಳಿಬಿಟ್ಟ ಜಡೆ, ಬಳೆ, ಸಡಿಲ ತೋಳು ಯಾವುದೂ ತಿರುಗುವ ಯಂತ್ರದ ಹತ್ತಿರ ಬರಬಾರದು. ಕೈಗವಸು ರಕ್ಷಣೆ ಎಂದುಕೊಳ್ಳುತ್ತಾರೆ, ಬ್ಲೇಡಿನ ಮುಂದೆ ಅದು ಕೈಯನ್ನೇ ಒಳಗೆಳೆಯುವ ಬಲೆ. ಮರ ಹೊರುವಾಗ ಹಾಕಿ, ಸ್ವಿಚ್ ಒತ್ತುವ ಮೊದಲು ಬಿಚ್ಚಿಡಿ.

ಬ್ಯಾಟರಿಯದೋ ವೈರಿನದೋ ಎಂಬ ಚರ್ಚೆಯಲ್ಲಿ ನನ್ನ ತೀರ್ಪು ಹೀಗೆ: ಡ್ರಿಲ್ ಬ್ಯಾಟರಿಯದಿರಲಿ, ಉಳಿದ ಮೂರೂ ವೈರಿನವಿರಲಿ. ಬ್ಯಾಟರಿ ಯಂತ್ರ ಅಂದರೆ ಒಂದು ಕಂಪನಿಯ ಮನೆಗೆ ಒಕ್ಕಲಾದ ಹಾಗೆ. ಒಬ್ಬರ ಬ್ಯಾಟರಿ ಇನ್ನೊಬ್ಬರ ಯಂತ್ರಕ್ಕೆ ಕೂರದು. ವೋಲ್ಟಿನ ಅಂಕಿಗಳಿಗೂ ಮರುಳಾಗಬೇಡಿ. 18 ವೋಲ್ಟ್ ಎನ್ನುವುದೂ ‘20 ವೋಲ್ಟ್ ಮ್ಯಾಕ್ಸ್’ ಎನ್ನುವುದೂ ಒಳಗೆ ಅವೇ ಐದು ಲಿಥಿಯಂ ಸೆಲ್ಲುಗಳು. ಸೆಲ್ಲಿಗೆ 3.6 ಎಂದು ಲೆಕ್ಕ ಹಾಕಿದರೆ 18, ತುಂಬಿದ ಹೊತ್ತಿಗೆ 4 ಎಂದರೆ 20. ಅಗ್ಗದ ಯಂತ್ರಗಳ ಮೇಲೆ 48, 88 ಎಂದು ದಪ್ಪಕ್ಷರದಲ್ಲಿ ಬರೆದಿರುವುದು ವೋಲ್ಟೇ ಅಲ್ಲ.

ವೈರಿನ ಯಂತ್ರದ ಪರ ಇನ್ನೊಂದು ದೊಡ್ಡ ಕಾರಣ ನಮ್ಮ ಊರುಗಳಲ್ಲೇ ಇದೆ. ಪಂಪ್‌ಸೆಟ್ಟು, ಮಿಕ್ಸಿ, ಫ್ಯಾನು ರಿಪೇರಿ ಮಾಡುವ ವೈಂಡಿಂಗ್ ಅಂಗಡಿ ಇಲ್ಲದ ಪಟ್ಟಣವಿಲ್ಲ. ಡ್ರಿಲ್ಲು, ಕಟರಿನ ಕಾರ್ಬನ್ ಬ್ರಶ್ ಬದಲಿಸುವುದು, ಸುಟ್ಟ ಆರ್ಮೇಚರ್ ಮತ್ತೆ ಸುತ್ತುವುದು ಅವರಿಗೆ ದಿನದ ಕೆಲಸ. ಬ್ಯಾಟರಿಯ ಬ್ರಶ್‌ಲೆಸ್ ಯಂತ್ರದ ಎಲೆಕ್ಟ್ರಾನಿಕ್ಸ್ ಹೋದರೆ ಅವರೇನೂ ಮಾಡಲಾರರು. ಆದ್ದರಿಂದ ಕಂಪನಿ ಆರಿಸುವಾಗ ನಕ್ಷತ್ರಗಳ ರೇಟಿಂಗ್ ನೋಡುವ ಬದಲು ನಿಮ್ಮ ಊರಿನ ವೈಂಡಿಂಗ್ ಅಂಗಡಿಗೆ ಹೋಗಿ ‘ಯಾವುದರ ಸ್ಪೇರ್ ನಿಮ್ಮಲ್ಲಿ ಸಿಗುತ್ತೆ?’ ಎಂದು ಕೇಳಿ. ಬೆಂಗಳೂರಿನವರಿಗೆ ಸಿಲ್ವರ್ ಜ್ಯೂಬಿಲಿ ಪಾರ್ಕ್ ರಸ್ತೆ ಇದೆ. ಅಲ್ಲಿ ಯಂತ್ರ ಕೈಯಲ್ಲಿ ಹಿಡಿದು ನೋಡಬಹುದು, ತೂಕ ನಿಮ್ಮ ಮಣಿಕಟ್ಟಿಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಡುತ್ತೇವೆಂದರೆ ಒಪ್ಪಬೇಡಿ, ವಾರಂಟಿ ಸಿಗುವುದು ಬಿಲ್ಲಿಗೆ.

ಮನೆಯ ವೈರಿಂಗ್ ನೋಡಿಕೊಂಡಿರಾ? 1,400 ವ್ಯಾಟಿನ ಸರ್ಕ್ಯುಲರ್ ಸಾ 230 ವೋಲ್ಟಿನಲ್ಲಿ 6 ಆಂಪಿಯರ್ ದಾಟುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಟಿ.ವಿ., ಮೊಬೈಲ್ ಚಾರ್ಜರಿಗೆ ಬಳಸುವ ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡ್ ಅದಕ್ಕಲ್ಲ. ಕೆಲಸದ ಕೋಣೆಗೆ 2.5 ಚದರ ಮಿ.ಮೀ. ವೈರಿನ, ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟ್ ಹಾಕಿಸಿ. ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕರೆಸಿ ಖಾತ್ರಿ ಮಾಡಿಕೊಳ್ಳಿ. ಸಂಜೆ ವೋಲ್ಟೇಜ್ ಇಳಿಯುವ ಹಳ್ಳಿಯಲ್ಲಿದ್ದರೆ ದೊಡ್ಡ ಮೋಟರಿನ ಕೆಲಸ ಬೆಳಿಗ್ಗೆಯೇ ಮುಗಿಸಿಕೊಳ್ಳಿ.

ಸದ್ದಿನ ವಿಷಯ. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಇಟ್ಟ ಮಿತಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಸರ್ಕ್ಯುಲರ್ ಸಾ ನಿಮ್ಮ ಕಿವಿಯ ಬಳಿ 100ರ ಆಸುಪಾಸಿನಲ್ಲಿ ಕಿರುಚುತ್ತದೆ. ಅಷ್ಟು ಸದ್ದಿನಲ್ಲಿ ರಕ್ಷಣೆಯಿಲ್ಲದೆ ದಿನಕ್ಕೆ ಕಾಲು ಗಂಟೆ ದಾಟಬಾರದು ಎನ್ನುತ್ತಾರೆ ತಜ್ಞರು. ಕಿವಿಗೆ ಮಫ್ ಹಾಕಿ, ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಸದ್ದಿನ ಕೆಲಸವನ್ನೆಲ್ಲ ಒಂದೇ ಗಂಟೆಗೆ ಕೂಡಿಸಿಕೊಳ್ಳಿ. ಮಧ್ಯಾಹ್ನದ ನಿದ್ದೆಯ ಹೊತ್ತು ಬೇಡ. ಮಾಡಿದ ಮೊದಲ ಮಣೆಯನ್ನು ಅವರ ಮನೆಗೇ ಕೊಡಿ.

ವಿದೇಶದಿಂದ ಊರಿಗೆ ಮರಳುತ್ತಿರುವವರಿಗೆ ಒಂದು ಮಾತು. ಅಮೆರಿಕದ ಯಂತ್ರಗಳನ್ನು ಕಂಟೇನರಿಗೆ ತುಂಬಿ ತರಬೇಡಿ. ಅವು 120 ವೋಲ್ಟಿನವು, ಪ್ರತಿ ದೊಡ್ಡ ಯಂತ್ರಕ್ಕೂ ಭಾರದ ಟ್ರಾನ್ಸ್‌ಫಾರ್ಮರ್ ಬೇಕು. ವೋಲ್ಟ್ ಸರಿಮಾಡಿದರೂ ಅಲ್ಲಿನ 60 ಹರ್ಟ್ಸ್ ಇಲ್ಲಿ 50 ಆಗುವುದರಿಂದ ಇಂಡಕ್ಷನ್ ಮೋಟರಿನ ವೇಗ ಆರರಲ್ಲಿ ಒಂದು ಪಾಲು ಇಳಿಯುತ್ತದೆ. ಸುಮಾರು 3,450 ಸುತ್ತಿನದು 2,875ಕ್ಕೆ ಬರುತ್ತದೆ. ಹತ್ತಿಂಚಿನ ಬ್ಲೇಡಿನ ನಡುವಿನ ತೂತೂ ಅಲ್ಲಿ ಐದು ಎಂಟಾಂಶ ಇಂಚು, ಇಲ್ಲಿ ಸಿಗುವ ಬ್ಲೇಡುಗಳಿಗೆ ಅದು ಸುಲಭದಲ್ಲಿ ಹೊಂದದು. ಯಂತ್ರಗಳನ್ನು ಅಲ್ಲೇ ಮಾರಿ, ಒಳ್ಳೆಯ ಉಳಿ, ಮೂಲೆಮಟ್ಟ, ಕ್ಲ್ಯಾಂಪು ಹೊತ್ತು ತನ್ನಿ. ಅವಕ್ಕೆ ವೋಲ್ಟೇಜಿನ ಹಂಗಿಲ್ಲ.

ಕ್ಲ್ಯಾಂಪ್ ಅಂದೆ. ನಾಲ್ಕು ಯಂತ್ರಕ್ಕೆ ಇಟ್ಟ ಹಣದ ಅರ್ಧದಷ್ಟನ್ನಾದರೂ ಕ್ಲ್ಯಾಂಪು, ಬ್ಲೇಡು, ಬಿಟ್ಟು, ಕನ್ನಡಕ, ಕಿವಿ ಮಫ್, ಮಾಸ್ಕಿಗೆ ತೆಗೆದಿಡಿ. ಜೊತೆಗೆ ಒಂದು ಕೈಗರಗಸ, ಮೂರು ಉಳಿ, ಒಂದು ಹತ್ತರಿ, ಸಾಣೆಕಲ್ಲು. ಇವುಗಳಿಲ್ಲದೆ ಯಂತ್ರ ಮಾಡಿದ ಕೀಲು ಕೂದಲೆಳೆಯ ಸಂದೂ ಇಲ್ಲದಂತೆ ಬಿಗಿಯಾಗಿ ಕೂರುವುದಿಲ್ಲ. ಉಳಿ ಮಸೆಯುವುದನ್ನು ನಿಮ್ಮ ಬೀದಿಯ ಆಚಾರ್‍ರ ಹತ್ತಿರ ಕಲಿಯಿರಿ. ಅವರ ಸಮಯಕ್ಕೆ ತಕ್ಕ ಕೂಲಿ ಕೊಟ್ಟು, ಶಿಷ್ಯರಾಗಿ ಕುಳಿತು ಕಲಿಯಿರಿ. ಕ್ರಮವಾಗಿ ಕಲಿಯಬೇಕೆನ್ನುವ ಬೆಂಗಳೂರಿನವರು ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ವಿಚಾರಿಸಬಹುದು.

ಕೊನೆಯದಾಗಿ ನಿಮ್ಮೆಲ್ಲರಲ್ಲಿ ಒಂದು ಬೇಡಿಕೆ. ಒಂದೇ ಬಡಾವಣೆಯಲ್ಲಿ, ಒಂದೇ ಅಪಾರ್ಟ್‌ಮೆಂಟಿನಲ್ಲಿ ನಿಮ್ಮಂಥವರು ಮೂರು ನಾಲ್ಕು ಮಂದಿ ಇದ್ದೇ ಇರುತ್ತೀರಿ. ಪ್ರತಿ ಮನೆಯಲ್ಲೂ ಒಂದೊಂದು ಟೇಬಲ್ ಸಾ, ತಿಂಗಳಿಗೊಮ್ಮೆ ತಿರುಗಿ ಉಳಿದ ದಿನ ತುಕ್ಕು ಹಿಡಿಯುತ್ತ ನಿಲ್ಲುವುದು ಯಾರಿಗೂ ಒಳ್ಳೆಯದಲ್ಲ. ನಾಲ್ಕು ಕೈಯಂತ್ರಗಳನ್ನು ನಿಮ್ಮ ನಿಮ್ಮ ಮನೆಗೆ ಕೊಳ್ಳಿ. ದೊಡ್ಡದನ್ನು ಎಲ್ಲರೂ ಸೇರಿ, ರೈವಿಂಗ್ ನೈಫ್ ಇರುವ, ಸರ್ವಿಸ್ ಸಿಗುವ ಒಂದನ್ನೇ ಕೊಂಡು, ನೆಲಮಾಳಿಗೆಯಲ್ಲೋ ಸಂಘದ ಕೋಣೆಯಲ್ಲೋ ಬೀಗ ಹಾಕಿಡಿ. ಒಬ್ಬರು ಕೊಯ್ಯುವಾಗ ಇನ್ನೊಬ್ಬರು ಪಕ್ಕದಲ್ಲಿರಬೇಕು ಎಂಬ ನಿಯಮ ಮಾಡಿಕೊಳ್ಳಿ. ನಿಮ್ಮ ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲೇ ಈ ವಿಷಯ ಎತ್ತಿ.

ಇಂತಿ ನಿಮ್ಮ,
ಮರಗೆಲಸದ ಹಿರಿಯ ಗೆಳೆಯ